ಬಾಗಿದ ಪಟ್ಟಿಗೆ ಎರಡು ಫರ್ಮಾ: ಶಿರಸಿಯಲ್ಲಿ ಮಾಡಿಸಿದ ರೈಸರ್ ಜಿಗ್

ಯಲ್ಲಾಪುರ ನಾಕೆ ದಾಟಿ ಸ್ವಲ್ಪ ಮುಂದೆ ಸಿಗುವ ಈ ಮರಗೆಲಸದ ಅಂಗಡಿಗೆ ಬೋರ್ಡಿಲ್ಲ. ಬಾಗಿಲು, ಕಿಟಕಿ ಚೌಕಟ್ಟು, ದೇವರ ಮಂಟಪ ಇವೇ ಇಲ್ಲಿಯ ದಿನನಿತ್ಯದ ಕೆಲಸ. ನಾನು ಮಾಡಿಸಿದ್ದು ಬಿಲ್ಲಿನ ನಡುಭಾಗವಾದ ರೈಸರಿನೊಳಗೆ ಬಾಗಿದ ಅಲಂಕಾರದ ಪಟ್ಟಿ ಕೂರಿಸಲು ಬೇಕಾಗುವ ಜಿಗ್, ಅಂದರೆ ಮರದ ತುಂಡನ್ನು ಹಿಡಿದು ಅಳತೆ ತಪ್ಪದಂತೆ ಕೆಲಸ ಮಾಡಿಸುವ ಸಲಕರಣೆ. ಎರಡು ಫರ್ಮಾ (ಬಾಗಿನ ಗೆರೆಗೆ ಕತ್ತರಿಸಿದ ಮಾದರಿ ಹಲಗೆ), ಅವನ್ನು ಹಿಡಿಯುವ ಎರಡು ಹಲಗೆ, ಅಂಟು ಹಾಕಲು ಒಂದು ತಟ್ಟೆ, ಒಂದು ನೈಲಾನ್ ಬಿಲ್ಲೆ, ಎಲ್ಲ ಸೇರಿ 3,200 ರೂಪಾಯಿ. ಮರದ ಬಿಲ್ಲು ಮಾಡುವವರು ಯಾರೇ ಕೇಳಲಿ, ನಾನು ಇಲ್ಲಿಗೇ ಕಳಿಸುತ್ತೇನೆ. ಜಿಗ್ ಚೆನ್ನಾಗಿದೆ ಎಂದಷ್ಟೇ ಹೇಳಿ ಬಿಟ್ಟರೆ ಓದುವವರಿಗೆ ಏನೂ ಸಿಗುವುದಿಲ್ಲ, ಹಾಗಾಗಿ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುವುದು ಇಂಡಿಯನ್ ರೌಂಡ್‌ನಿಂದ. ಬಿದಿರು ಮತ್ತು ಮರದ ಬಿಲ್ಲಿನಲ್ಲಿ 30 ಮೀಟರ್, 50 ಮೀಟರ್ ದೂರಕ್ಕೆ ಹೊಡೆಯುವ ಸ್ಪರ್ಧೆ ಅದು. ಮಕ್ಕಳ ಬಿಲ್ಲುಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಮಾಡುವ ಕಡೆಗೇ ಮನಸ್ಸು ಹೊರಳಿತು. ಈಗ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅರ್ಧ ಭಾಗ ನನ್ನ ಬೆಂಚು, ಬೆಂಚ್ ಡ್ರಿಲ್ಲು, ಕ್ಲಾಂಪುಗಳದ್ದು.

ಬಿಲ್ಲಿನ ನಡುವಿನ ಗಟ್ಟಿ ಭಾಗವೇ ರೈಸರ್. ಹಿಡಿ ಇರುವುದು, ಬಾಣ ಕೂರುವುದು ಅದರಲ್ಲೇ. ಮೇಲಿನ, ಕೆಳಗಿನ ತೋಳುಗಳು ಬಾಗಬೇಕು, ರೈಸರ್ ಮಾತ್ರ ಅಲುಗಬಾರದು. ಬಾಣ ಹಾದುಹೋಗಲೆಂದು ಹಿಡಿಯ ಮೇಲ್ಗಡೆ ಒಂದು ಪಕ್ಕವನ್ನು ಕೊರೆದು ತೆಗೆಯುತ್ತೇವೆ, ಅಲ್ಲಿ ಮರ ಕಡಿಮೆಯಾಗುತ್ತದೆ. ಕೈ ಹಿಡಿಯುವ ಜಾಗದ ಬಾಗಿನಲ್ಲಿ ಮರದ ಎಳೆಗಳೂ ತುಂಡು ತುಂಡಾಗುತ್ತವೆ. ರೈಸರ್ ಮುರಿಯುವುದಾದರೆ ಹೆಚ್ಚಾಗಿ ಅಲ್ಲೇ. ಉದ್ದಕ್ಕೂ ಎಳೆ ಓಡುವ ತೆಳು ಪಟ್ಟಿಗಳನ್ನು ನಡುವೆ ಬಾಗಿಸಿ ಅಂಟಿಸಿದರೆ ಆ ದುರ್ಬಲ ಜಾಗಕ್ಕೆ ಆಧಾರ ಸಿಗುತ್ತದೆ. ಬರೀ ಚಂದಕ್ಕೆ ಮಾಡುವ ಕೆಲಸ ಇದಲ್ಲ.

ಚಂದವೂ ಇದೆ, ಅದನ್ನು ಯಾಕೆ ಮುಚ್ಚಿಡಲಿ. ಚೌಕದ ತುಂಡಿನಲ್ಲಿ ಪಟ್ಟಿ ಬರೀ ಒಂದು ಬಾಗಿದ ಗೆರೆ. ಹಿಡಿಯನ್ನು ಕೈಗೆ ಕೂರುವ ಹಾಗೆ ಅರದಿಂದ ಉರುಟು ಮಾಡುತ್ತ ಹೋದಂತೆ ಆ ಗೆರೆ ಅಗಲವಾಗುತ್ತದೆ, ಹೆಬ್ಬೆರಳು ಕೂರುವ ತಗ್ಗಿನಲ್ಲಿ ನೀಳವಾದ ಉಂಗುರವಾಗಿ ತೆರೆದುಕೊಳ್ಳುತ್ತದೆ, ಅಂಗೈ ತಾಗುವ ಉಬ್ಬಿನಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅಂಟಿನ ಗೆರೆಯಲ್ಲಿ ಒಂದು ಕೂದಲಷ್ಟು ಸಂದು ಇದ್ದರೂ ಈ ಹಂತದಲ್ಲಿ ಅದು ನಾಲ್ಕು ಪಟ್ಟು ಅಗಲವಾಗಿ ಕಾಣುತ್ತದೆ. ಜಿಗ್ ಎಷ್ಟು ನಿಖರ ಎನ್ನುವುದು ಗೊತ್ತಾಗುವುದೂ ಆಗಲೇ.

ಕೆಲಸದ ಕ್ರಮ ಹೇಳುವುದು ಸುಲಭ. ರೈಸರಿನ ತುಂಡನ್ನು ಬ್ಯಾಂಡ್ ಸಾದಲ್ಲಿ (ಪಟ್ಟಿ ಗರಗಸ) ಬಾಗಿದ ಗೆರೆಯ ಮೇಲೆ ಉದ್ದಕ್ಕೆ ಸೀಳಬೇಕು, ಎರಡೂ ಹೋಳಿನ ಮುಖ ನಯ ಮಾಡಬೇಕು, ನಡುವೆ ಪಟ್ಟಿಗಳನ್ನಿಟ್ಟು ಅಂಟು ಹಾಕಿ ಒತ್ತಬೇಕು. ತೊಡಕು ಇರುವುದು ಆ ಎರಡು ಮುಖಗಳಲ್ಲಿ. ಇದಕ್ಕೆ ಮೊದಲು ಬೇರೆ ಊರಿನಲ್ಲಿ ಕಂಪ್ಯೂಟರ್ ಯಂತ್ರ ಇಟ್ಟುಕೊಂಡ ಒಬ್ಬರ ಹತ್ತಿರ ಫರ್ಮಾ ಕತ್ತರಿಸಿ ತಂದಿದ್ದೆ. ಅಂಚು ಬಹಳ ನುಣುಪಾಗಿತ್ತು. ಆದರೆ ಪಟ್ಟಿಯ ದಪ್ಪ 6 ಮಿ.ಮೀ. ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೂ ಅವರು ಎರಡು ಹೋಳಿಗೂ ಒಂದೇ ಗೆರೆ ಬಳಸಿಬಿಟ್ಟಿದ್ದರು.

ಒಂದೇ ಗೆರೆ ಯಾಕೆ ಸಾಲದು ಎಂದರೆ, ಉಬ್ಬಿದ ಹೋಳಿನ ಮೇಲೆ 6 ಮಿ.ಮೀ. ಪಟ್ಟಿ ಕೂತ ಮೇಲೆ ಹೊರಗಿನ ಮುಖದ ತ್ರಿಜ್ಯ 6 ಮಿ.ಮೀ. ಹೆಚ್ಚಾಗುತ್ತದೆ. ತಗ್ಗಿನ ಹೋಳನ್ನು ಆ ಹೆಚ್ಚಿದ ತ್ರಿಜ್ಯಕ್ಕೆ ಕತ್ತರಿಸಬೇಕು. ಹಳೆಯ ತ್ರಿಜ್ಯಕ್ಕೇ ಕತ್ತರಿಸಿದರೆ ಎರಡು ತುದಿ ತಾಗಿ ನಡುವೆ ಬಾಯಿ ತೆರೆದಿರುತ್ತದೆ. ಲೆಕ್ಕ ಹಾಕಿ ನೋಡಿ: 450 ಮಿ.ಮೀ. ಉದ್ದದ ತುಂಡಿನಲ್ಲಿ 650 ಮಿ.ಮೀ. ತ್ರಿಜ್ಯದ ಸೌಮ್ಯ ಬಾಗು ಇದ್ದರೆ ನಡುವಿನ ಸಂದು ಸುಮಾರು 0.4 ಮಿ.ಮೀ. ಬಾಗು ಬಿಗಿಯಾಗಿ ತ್ರಿಜ್ಯ 200ಕ್ಕೆ ಇಳಿದರೆ 300 ಮಿ.ಮೀ. ಉದ್ದದಲ್ಲೇ ಅದು ಹೆಚ್ಚುಕಡಿಮೆ 3 ಮಿ.ಮೀ. ಆಗುತ್ತದೆ. 0.4 ಮಿ.ಮೀ. ಅಲ್ಲವೇ, ಕ್ಲಾಂಪ್ ಬಿಗಿದರೆ ಮುಚ್ಚಿಕೊಳ್ಳುತ್ತದೆ ಎನ್ನುವವರಿದ್ದಾರೆ. ಮುಚ್ಚಿಕೊಳ್ಳುತ್ತದೆ. ಆದರೆ ಹಾಗೆ ಬಲವಂತಕ್ಕೆ ಬಾಗಿದ ದಪ್ಪ ಮರ ಒಳಗಿಂದ ಸದಾ ಅಂಟನ್ನು ಎಳೆಯುತ್ತಿರುತ್ತದೆ. ನಮ್ಮ ಮಳೆಗಾಲದಲ್ಲಿ ಹೀರಿ ಉಬ್ಬಿ, ಬೇಸಿಗೆಯಲ್ಲಿ ಒಣಗಿ ಕುಗ್ಗುವ ಮರಕ್ಕೆ ಆ ಎಳೆತವೂ ಸೇರಿದರೆ ಜೋಡಣೆ ಎಷ್ಟು ಕಾಲ ತಡೆದೀತು?

ಶಿರಸಿಯ ಈ ಅಂಗಡಿಯಲ್ಲಿ ನಾನು ನಕ್ಷೆ ಬಿಚ್ಚಿಟ್ಟ ಕೂಡಲೇ ಹಿರಿಯ ಆಚಾರ್ರು ಕೇಳಿದ ಮೊದಲ ಪ್ರಶ್ನೆಗೇ ನನಗೆ ಸಮಾಧಾನವಾಯಿತು.

"ಅಕ್ಕೋರೆ, ನಡುವೆ ಕೂರಿಸೂ ಪಟ್ಟಿ ಎಲ್ಲ ಸೇರಿ ಎಷ್ಟು ದಪ್ಪ? ಅದು ಹೇಳದೆ ಫರ್ಮಾ ಮಾಡೂಕೆ ಆಗೂದಿಲ್ಲ."

"ಬೀಟೆ ಒಂದೂವರೆ, ಹಲಸು ಮೂರು, ಮತ್ತೆ ಬೀಟೆ ಒಂದೂವರೆ. ಒಟ್ಟು ಆರು ಮಿಲಿಮೀಟರ್, ಆಚಾರ್ರೆ."

"ಆರು ಅಂದ್ರೆ ಅಡ್ಡಿಲ್ಲ. ನಮ್ಮ ಹತ್ರ ಆರರ ಬಿಟ್ಟೇ ಉಂಟು. ಒಂದೇ ಸಲ ಸೀಳಿದ್ರೆ ಎರಡು ಫರ್ಮಾ ಬರ್ತದೆ."

ಅವರ ವಿಧಾನದ ತಿರುಳೆಲ್ಲ ಆ ಕೊನೆಯ ಮಾತಿನಲ್ಲಿತ್ತು. ಮೊದಲು ಒಂದು ಮೂಲ ಫರ್ಮಾ ಮಾಡಿದರು. ಗೆರೆ ಹಾಕಲು ಎಲ್ಲ ಕಡೆ ಒಂದೇ ದಪ್ಪಕ್ಕೆ ಹೆರೆದ ಅಡಿಕೆ ದಬ್ಬೆಯ ತೆಳ್ಳನೆ ಸೀಳು ತೆಗೆದುಕೊಂಡು, ಹಲಗೆಯ ಮೇಲೆ ಮೂರು ಕಡೆ ಮೊಳೆ ಹೊಡೆದು ಅದನ್ನು ಬಾಗಿಸಿ ನಿಲ್ಲಿಸಿದರು. ಅದು ಅಚ್ಚುಕಟ್ಟು ವೃತ್ತದ ಚೂರೇ ಆಗಬೇಕೆಂದಿಲ್ಲ, ಎಲ್ಲೂ ಮುರಿಯದೆ ಓಡುವ ಗೆರೆಯಾದರೆ ಸಾಕು. ಸೀಸದಕಡ್ಡಿಯಲ್ಲಿ ಗೆರೆ ಎಳೆದು, ಗರಗಸದಲ್ಲಿ ಕೊಯ್ದು, ಅರ ಹಾಕಿ, ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಎಳೆದು ನೋಡಿದರು. ಬೆರಳಿಗೆ ಸಿಕ್ಕಿದ ಒಂದು ಉಬ್ಬು ನನ್ನ ಕಣ್ಣಿಗೆ ಕಂಡಿರಲಿಲ್ಲ. ಅದನ್ನು ಮರದ ತುಂಡಿಗೆ ಸುತ್ತಿದ ಸ್ಯಾಂಡ್ ಪೇಪರಿನಿಂದ ಹೊಡೆದು ತೆಗೆದ ಮೇಲೆಯೇ ಮುಂದಿನ ಕೆಲಸ.

ಮೂಲ ಫರ್ಮಾವನ್ನು 12 ಮಿ.ಮೀ. ಪ್ಲೈವುಡ್ ಮೇಲೆ ಕ್ಲಾಂಪ್ ಮಾಡಿದರು. ರೂಟರ್ ಎಂದರೆ ವೇಗವಾಗಿ ತಿರುಗುವ ಅಲಗಿನಿಂದ (ಅದೇ ಬಿಟ್) ಮರ ಕೊರೆಯುವ ಯಂತ್ರ. ಅದರ ತಳಕ್ಕೆ 16 ಮಿ.ಮೀ. ಹೊರ ವ್ಯಾಸದ ಗೈಡ್ ಬುಷ್ ಎಂಬ ಉಂಗುರ, ಉಂಗುರದ ನಡುವೆ 6 ಮಿ.ಮೀ. ನೇರ ಬಿಟ್. ಬುಷ್ ಮೂಲ ಫರ್ಮಾದ ಅಂಚಿಗೆ ತಾಗಿಕೊಂಡು ಓಡುತ್ತದೆ, ಬಿಟ್ ಪ್ಲೈವುಡ್ಡಿನಲ್ಲಿ ಕಾಲುವೆ ಕೊರೆಯುತ್ತ ಹೋಗುತ್ತದೆ. ಒಂದೇ ಸಲಕ್ಕೆ ಆರಪಾರ ಕೊರೆಯಲಿಲ್ಲ, ಸಲಕ್ಕೆ 3 ಮಿ.ಮೀ. ಆಳದಂತೆ ಇಳಿಸಿದರು. ಕೊನೆಯ ಸಲ ಪ್ಲೈವುಡ್ ಎರಡು ಹೋಳಾಯಿತು. ಕಾಲುವೆಯ ಒಂದು ದಂಡೆ ಉಬ್ಬಿನ ಫರ್ಮಾ, ಇನ್ನೊಂದು ದಂಡೆ ತಗ್ಗಿನ ಫರ್ಮಾ. ಮೂಲ ಗೆರೆಯಿಂದ ಒಂದು 5 ಮಿ.ಮೀ. ದೂರ, ಇನ್ನೊಂದು 11 ಮಿ.ಮೀ. ದೂರ, ಎರಡರ ನಡುವೆ ಎಲ್ಲಿ ಅಳೆದರೂ 6. ಬಾಗು ಎಲ್ಲಿ ಹೇಗೇ ಹೊರಳಲಿ, ಈ ಅಂತರ ತಪ್ಪುವುದಿಲ್ಲ, ಯಾಕೆಂದರೆ ಅದನ್ನು ನಿರ್ಧರಿಸುವುದು ಬಿಟ್ಟಿನ ವ್ಯಾಸ. ಕಂಪ್ಯೂಟರ್ ಯಂತ್ರದಲ್ಲೂ ಇದು ಖಂಡಿತ ಸಾಧ್ಯ, ನಕ್ಷೆಯಲ್ಲಿ ಎರಡು ಗೆರೆ ಬೇಕೆಂದು ತಿಳಿದವರು ಕೂತಿರಬೇಕು ಅಷ್ಟೆ. ನಾನು ದುಡ್ಡು ಕೊಟ್ಟದ್ದು ಆ ತಿಳಿವಳಿಕೆಗೆ.

ಫರ್ಮಾಕ್ಕೆ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಬೇಡ ಎಂದು ಅವರೇ ಹೇಳಿದರು. ಎಂಡಿಎಫ್ ಅಂಚು ಕೊಯ್ದಾಗ ನುಣುಪಾಗಿರುತ್ತದೆ, ನಿಜ. ಆದರೆ ಆಷಾಢದ ತಂಡಿಗೆ ಅದೇ ಅಂಚು ಊದಿಕೊಳ್ಳುತ್ತದೆ, ಊದಿದ ಫರ್ಮಾ ಮತ್ತೆ ಹಳೆಯ ಅಳತೆಗೆ ಬರುವುದಿಲ್ಲ. ಸ್ಲ್ಯಾಬ್ ಹಾಕಲು ಬಳಸುವ ಶಟರಿಂಗ್ ಪ್ಲೈ ಇದೆಯಲ್ಲ, ಎರಡು ಬದಿಗೂ ಕಂದು ಬಣ್ಣದ ನುಣುಪು ಪದರ ಇರುವಂಥದ್ದು, ಅದನ್ನೇ ಬಳಸಿದರು. ಅಂಚಿಗೆ ತೆಳುವಾಗಿ ಎಪಾಕ್ಸಿ ಸವರಿ ಒಣಗಿಸಿ, ನಯ ಮಾಡಿ ಕೊಟ್ಟರು. ಒಂದು ಮಳೆಗಾಲ ಕೊಟ್ಟಿಗೆಯಲ್ಲಿ ಕಳೆದ ಮೇಲೂ ಎರಡು ಫರ್ಮಾಗಳನ್ನು ಜೋಡಿಸಿ ನಡುವೆ 6 ಮಿ.ಮೀ. ಪಟ್ಟಿ ಇಟ್ಟರೆ ಬೆಳಕು ನುಸುಳುವುದಿಲ್ಲ.

ಫರ್ಮಾ ಕೂತಿರುವ ಹಲಗೆಗಳ ಬಗ್ಗೆಯೂ ಹೇಳಬೇಕು. ಫರ್ಮಾ ರೈಸರಿನ ತುಂಡಿಗಿಂತ ಎರಡು ತುದಿಯಲ್ಲೂ 50 ಮಿ.ಮೀ. ಉದ್ದವಿದೆ. ಮುಖ ನಯ ಮಾಡುವಾಗ ಯಂತ್ರದ ತಿರುಗುವ ಭಾಗಕ್ಕೆ ಮರ ತಾಗುವ ಮೊದಲೇ ಫರ್ಮಾ ಅದರ ಆಧಾರಕ್ಕೆ ತಾಗಿರುತ್ತದೆ, ಹಾಗಾಗಿ ಶುರುವಿನಲ್ಲಿ ತುಂಡು ಒಳಕ್ಕೆ ಎಳೆದುಕೊಂಡು ಹೋಗುವ ಭಯವಿಲ್ಲ. ಹಿಂಬದಿಗೆ ಎರಡು ಹಿಡಿ, ಕೈ ಯಾವಾಗಲೂ ತಿರುಗುವ ಭಾಗದಿಂದ ದೂರ. ತುಂಡು ಸರಿಯಾಗಿ ಕೂರಲು ಹಿಂದೊಂದು, ತುದಿಗೊಂದು ತಡೆ. ಬರೀ ಒಂದು ದೂರು: ತುಂಡನ್ನು ಒತ್ತಿ ಹಿಡಿಯಲು ಹಾಕಿಕೊಟ್ಟ ಟಾಗಲ್ ಕ್ಲಾಂಪುಗಳು ಅಗ್ಗದವು, ಅದುರಿಕೆಗೆ ನಟ್ಟು ಸಡಿಲವಾಗುತ್ತವೆ. ನಾನು ಅವನ್ನು ಕಳಚಿ ದಪ್ಪನೆಯವು ಹಾಕಿಕೊಂಡೆ. ಅಂಗಡಿಯವರು ಇನ್ನೂರು ರೂಪಾಯಿ ಹೆಚ್ಚು ಕೇಳಿ ಒಳ್ಳೆಯದನ್ನೇ ಹಾಕಬಹುದಿತ್ತು.

ಅಂಗಡಿಯಲ್ಲಿ ಮುಖ ನಯ ಮಾಡಿ ತೋರಿಸಿದ್ದು ಟೇಬಲ್ ರೂಟರಿನಲ್ಲಿ, ಫರ್ಮಾದ ಅಂಚಿಗೆ ತಾಗಿ ಉರುಳುವ ಬೇರಿಂಗ್ ಇರುವ 50 ಮಿ.ಮೀ. ಉದ್ದದ ಬಿಟ್ಟಿನಿಂದ. ನನ್ನ ರೈಸರಿನ ದಪ್ಪ 45 ಮಿ.ಮೀ., ಅಷ್ಟು ಉದ್ದದ ಬಿಟ್ಟಿಗೆ ಅರ್ಧ ಇಂಚಿನ ದಂಡ ಬೇಕು. ಮನೆಯಲ್ಲಿ ಇಟ್ಟುಕೊಳ್ಳುವ 6 ಮಿ.ಮೀ. ದಂಡ ಹಿಡಿಯುವ ಪುಟ್ಟ ರೂಟರಿಗೆ (ಟ್ರಿಮ್ಮರ್) ಈ ಕೆಲಸ ಹೇಳಬೇಡಿ, ಅದು ಅಪಾಯ. ದೊಡ್ಡ ರೂಟರಿನಲ್ಲೂ ಬಾಗಿದ ಮುಖದಲ್ಲಿ ಒಂದು ಜಾಗಕ್ಕೆ ಬಂದಾಗ ಮರದ ಎಳೆ ಎದುರಾಗುತ್ತದೆ, ಅಲ್ಲಿ ಚಕ್ಕೆ ಏಳುತ್ತದೆ. ಹೊನ್ನೆಯಲ್ಲಿ ಎಳೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೆಣೆದುಕೊಂಡಿರುವುದರಿಂದ ಎಳೆಯ ದಿಕ್ಕು ನೋಡಿ ಕೊರೆಯುವೆ ಎಂದರೂ ಪೂರ್ತಿ ತಪ್ಪಿಸಿಕೊಳ್ಳಲಾಗದು.

ಅದಕ್ಕೇ ನಾನು ನೈಲಾನ್ ಬಿಲ್ಲೆ ಕೇಳಿದ್ದು. ಬೆಂಚ್ ಡ್ರಿಲ್ಲಿಗೆ ಸ್ಯಾಂಡ್ ಪೇಪರ್ ಸುತ್ತಿದ ಡ್ರಮ್ ಹಾಕಿ, ಅದರ ಸರಿ ಕೆಳಗೆ ಟೇಬಲ್ಲಿನ ಮೇಲೆ ಡ್ರಮ್ಮಿನಷ್ಟೇ ವ್ಯಾಸದ ಬಿಲ್ಲೆ ಕೂರಿಸಬೇಕು. ಕೆಳಗೆ ಫರ್ಮಾ ಬಿಲ್ಲೆಗೆ ತಾಗಿ ಓಡುತ್ತದೆ, ಮೇಲೆ ಡ್ರಮ್ ಮರವನ್ನು ಅದೇ ಗೆರೆಗೆ ಉಜ್ಜುತ್ತದೆ. ರೂಟರಿಗಿಂತ ನಿಧಾನ, ಚಕ್ಕೆ ಏಳುವ ಮಾತಿಲ್ಲ. ಡ್ರಮ್ ತಿರುಗುವ ದಿಕ್ಕಿಗೆ ಎದುರಾಗಿ ತಳ್ಳಬೇಕು, ಒಂದೇ ಜಾಗದಲ್ಲಿ ನಿಲ್ಲಿಸಬಾರದು, ನಿಲ್ಲಿಸಿದರೆ ಬೀಟೆಯಂಥ ಮರ ಸುಟ್ಟು ಕಪ್ಪಾಗುತ್ತದೆ. ಬ್ಯಾಂಡ್ ಸಾದಲ್ಲಿ ಸೀಳುವಾಗ ಎರಡೂ ಗೆರೆ ಬರೆದುಕೊಂಡು, ಗೆರೆಯಿಂದ 1 ಮಿ.ಮೀ. ಬಿಟ್ಟು ಕೊಯ್ದರೆ ಡ್ರಮ್ಮಿಗೆ ಉಳಿಯುವ ಕೆಲಸ ಹದವಾಗಿರುತ್ತದೆ. ಶುರು ಮಾಡುವ ಮುಂಚೆ ಮೂಲೆಮಟ್ಟ ಇಟ್ಟು ಟೇಬಲ್ಲಿಗೂ ಡ್ರಮ್ಮಿಗೂ 90 ಡಿಗ್ರಿ ಇದೆಯೇ ಎಂದು ನೋಡಲೇಬೇಕು. ಫರ್ಮಾ ಎಷ್ಟೇ ಚೆನ್ನಾಗಿರಲಿ, ಡ್ರಮ್ ವಾಲಿದ್ದರೆ ಒಂದು ಬದಿಯಲ್ಲಿ ಕೂತ ಜೋಡಣೆ ಇನ್ನೊಂದು ಬದಿಯಲ್ಲಿ ಸಂದು ಬಿಡುತ್ತದೆ.

ಪೇಪರ್ ಸವೆದಂತೆ ಡ್ರಮ್ಮಿನ ವ್ಯಾಸ ಸ್ವಲ್ಪ ಇಳಿಯುತ್ತದೆ, ಆಗ ಅಳತೆ ತಪ್ಪುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. 0.2 ಮಿ.ಮೀ. ಇಳಿದರೆ ಎರಡು ಮುಖಗಳ ಅಂತರ 6ರ ಬದಲು 5.8 ಆಗುತ್ತದೆ. 650ರ ಬಾಗಿನಲ್ಲಿ ಅದರಿಂದ ಬರುವ ಸಂದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಅಂಟಿನ ಪದರವೇ ಅದಕ್ಕಿಂತ ದಪ್ಪ.

ಪಟ್ಟಿಗಳ ವಿಷಯ. ಹಿಡಿಗೆ ಹೊನ್ನೆ, ಅದರ ಕೆಂಗಂದು ಬಣ್ಣದ ಮೇಲೆ ಬೀಟೆಯ ಕಪ್ಪು ಅಂಚು, ನಡುವೆ ಹಲಸಿನ ಹಳದಿ. ಈ ಹಳದಿ ಹಾಗೇ ಉಳಿಯುವುದಿಲ್ಲ, ಬಿಸಿಲು ಕಂಡಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನನಗೆ ಅದೇ ಇಷ್ಟ. 3 ಮಿ.ಮೀ. ಪಟ್ಟಿ 650ರ ಬಾಗಿಗೆ ಒಣಗಿದ್ದಾಗಲೇ ಸಲೀಸಾಗಿ ಬಾಗುತ್ತದೆ. ತ್ರಿಜ್ಯ 100ರ ಹತ್ತಿರ ಬಂದರೆ ಬಾಗದು, ಮುರಿಯುತ್ತದೆ. ಅಷ್ಟು ಬಿಗಿ ಬಾಗಿಗೆ 1 ಮಿ.ಮೀ. ಪಟ್ಟಿಗಳನ್ನು ಒಂದರ ಮೇಲೊಂದು ಇಡಬೇಕು. ಬೀಟೆ ತುಂಡು ಕೊಳ್ಳುವಾಗ ರಸೀದಿ ಕೇಳಿ ಪಡೆಯಿರಿ. ಅರಣ್ಯ ಇಲಾಖೆಯ ಡಿಪೋದಿಂದ ಹರಾಜಿನಲ್ಲಿ ತಂದ ನಾಟಾ ಇಟ್ಟುಕೊಂಡ ಅಂಗಡಿಗಳಲ್ಲಿ ಪೀಠೋಪಕರಣ ಮಾಡಿ ಉಳಿದ ಚೂರುಗಳು ಸಿಗುತ್ತವೆ, ಪಟ್ಟಿಗೆ ಅಷ್ಟೇ ಸಾಕು.

ಅಂಟಿಗೆ ಬಿಳಿ ಫೆವಿಕಾಲ್ ಬಳಸುವುದಿಲ್ಲ. ಅದರಲ್ಲಿರುವ ನೀರು ಕುಡಿದು ತೆಳು ಪಟ್ಟಿ ಸುರುಳಿಯಾಗುತ್ತದೆ, ಒತ್ತಡದಲ್ಲಿ ಸದಾ ಇರುವ ಜೋಡಣೆ ಆ ಅಂಟಿನಲ್ಲಿ ನಿಧಾನಕ್ಕೆ ಜರುಗುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಸರಿ, ಐದು ನಿಮಿಷದ್ದಲ್ಲ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಉಜ್ಜಿದ ಕೂಡಲೇ ಅಸಿಟೋನಿನಲ್ಲಿ ಒರೆಸಿ ಅಂಟು ಹಚ್ಚಬೇಕು. ಅಂಟು ಹಚ್ಚಿದ ಬಾಗಿದ ಪಟ್ಟಿಗಳು ಒತ್ತಿದ ಕೂಡಲೇ ಜಾರುತ್ತವೆ, ಇಲ್ಲಿ ಅವರು ಮಾಡಿಕೊಟ್ಟ ತಟ್ಟೆ ಬಹಳ ಉಪಕಾರಿ. ತಳಕ್ಕೂ ಗೋಡೆಗೂ ಪ್ಯಾಕಿಂಗ್ ಟೇಪ್ ಅಂಟಿಸಿದೆ, ಎಪಾಕ್ಸಿ ಹಿಡಿಯುವುದಿಲ್ಲ. ಆಮೇಲೆ ಕೊಯ್ದು ಬಿಸಾಡುವ ಎರಡು ತುದಿಯಲ್ಲಿ ಗೂಟ ಕೂರುವ ತೂತುಗಳಿವೆ, ಹೋಳುಗಳು ಉದ್ದಕ್ಕೆ ಸರಿಯುವುದಿಲ್ಲ. ಒತ್ತಲು ಕ್ಲಾಂಪಿನ ಬದಲು ಮರದ ಬೆಣೆಗಳು, ಜೋಡಿ ಜೋಡಿಯಾಗಿ. ಬೆಣೆಯಲ್ಲಿ ಒತ್ತಡ ಉದ್ದಕ್ಕೂ ಸಮ ಬೀಳುತ್ತದೆ. ಎಪಾಕ್ಸಿಗೆ ಹೆಚ್ಚು ಬಿಗಿ ಬೇಡ, ಅತಿಯಾಗಿ ಒತ್ತಿದರೆ ಅಂಟೆಲ್ಲ ಹೊರಗೆ ಬಂದು ಜೋಡಣೆ ಬರಡಾಗುತ್ತದೆ. ಬಿಗಿಯದೆ ಕೂರಬೇಕಾದರೆ ಮುಖಗಳು ತಾವಾಗಿಯೇ ಹೊಂದಬೇಕು, ಅದಕ್ಕೆ ಮತ್ತೆ ಆ ಎರಡು ಫರ್ಮಾಗಳೇ ಗತಿ.

ಈಗ ಅಂಗಡಿಯ ಬಗ್ಗೆ ತಿಳಿದಿರಬೇಕಾದ್ದು. ಹೇಳಿದ ದಿನಕ್ಕೆ ಕೊಡಲಿಲ್ಲ, ತುಂಬಾ ತಡವಾಯಿತು. ಬೇಸಿಗೆಯಲ್ಲಿ ಊರಿನವರೆಲ್ಲ ಮಳೆ ಬೀಳುವ ಮೊದಲು ಮನೆ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ, ಬಾಗಿಲು ಚೌಕಟ್ಟಿನ ಮುಂದೆ ಜಿಗ್ ಹಿಂದೆ ಬೀಳುತ್ತದೆ. ಅವಸರ ಇದ್ದವರು ಮಳೆಗಾಲದ ನಡುವೆ ಕೊಟ್ಟರೆ ಬೇಗ ಕೈಗೆ ಬರುತ್ತದೆ. ಫೋನಿನಲ್ಲಿ ಅಳತೆ ಹೇಳಿದರೆ ತೆಗೆದುಕೊಳ್ಳುವುದಿಲ್ಲ, ನಿಜವಾದ ಗಾತ್ರದಲ್ಲೇ ಬರೆದ ನಕ್ಷೆ ಒಯ್ಯಬೇಕು. ಬಿಗಿಯಾದ ಹಾವಿನ ಬಾಗು ಕೇಳಿದೆ, ಬುಷ್ ತಿರುಗದಷ್ಟು ಸಣ್ಣ ಒಳಬಾಗಿಗೆ ಈ ವಿಧಾನ ಒಗ್ಗುವುದಿಲ್ಲ ಎಂದು ನೇರವಾಗಿ ಹೇಳಿ ಬೇಡ ಎಂದರು. ಆ ನೇರ ಮಾತು ನನಗೆ ಹಿಡಿಸಿತು. ಹೋಗುವಾಗ ಮಾಸ್ಕ್ ಇರಲಿ. ಒಳಗೆ ಧೂಳು ಎಳೆಯುವ ಫ್ಯಾನು ಒಂದೇ, ಬೀಟೆಯ ಧೂಳು ಮೂಗು ಗಂಟಲಿಗೆ ಒಳ್ಳೆಯದಲ್ಲ.

ಮೂಲ ಫರ್ಮಾವನ್ನು ಅವರು ಇಟ್ಟುಕೊಳ್ಳುವುದಿಲ್ಲ, ಕೇಳಿದರೆ ನಮಗೇ ಕೊಡುತ್ತಾರೆ. ಮರೆಯದೆ ತನ್ನಿ. ಪಟ್ಟಿಯ ದಪ್ಪ ಬದಲಿಸಬೇಕೆಂದಾಗ ಅದರಿಂದಲೇ 8 ಮಿ.ಮೀ. ಬಿಟ್ಟಿನಲ್ಲಿ ಇನ್ನೊಂದು ಜೋಡಿ ತೆಗೆಯಬಹುದು, ಹೊಸ ಗೆರೆ ಹಾಕುವ ಖರ್ಚು ಉಳಿಯುತ್ತದೆ.

ನಾನು ಈಗ ಮತ್ತೊಂದು ಜೋಡಿಗೆ ಹೇಳಿದ್ದೇನೆ, ಎರಡು ಬಾಗಿದ ಪಟ್ಟಿ ಒಂದನ್ನೊಂದು ದಾಟಿ ಹೋಗುವ ರೈಸರಿಗೆ. ಮೊದಲ ಪಟ್ಟಿ ಅಂಟಿ ಒಣಗಿದ ಮೇಲೆ ಅದೇ ತುಂಡನ್ನು ಎದುರು ಬಾಗಿನಲ್ಲಿ ಮತ್ತೆ ಸೀಳಬೇಕು. ತೆಗೆದ ಮರ 6 ಮಿ.ಮೀ., ಕೂರಿಸುವ ಪಟ್ಟಿಯೂ 6 ಮಿ.ಮೀ. ಇದ್ದರೆ ಮೊದಲ ಗೆರೆ ದಾಟುವ ಜಾಗದಲ್ಲಿ ಜರುಗದೆ ನೇರ ಮುಂದುವರಿಯುತ್ತದೆ, ಹೆಚ್ಚುಕಡಿಮೆಯಾದರೆ ಅಲ್ಲಿ ಮೆಟ್ಟಿಲಿನ ಹಾಗೆ ಮುರಿದು ಕಾಣುತ್ತದೆ. ಅದಕ್ಕಾಗಿ ಗೂಟದ ತೂತುಗಳನ್ನು ಎರಡು ಫರ್ಮಾಗಳಿಗೂ ಸೀಳುವ ಮೊದಲೇ, ಒಂದೇ ಹಲಗೆಯಾಗಿರುವಾಗಲೇ ಕೊರೆಯಬೇಕೆಂದು ಆಚಾರ್ರು ಹೇಳಿದ್ದಾರೆ. ದೀಪಾವಳಿ ಕಳೆದ ಮೇಲೆ ಕೊಡುತ್ತಾರಂತೆ.